ಬರ್ಲಕ್ಕ ಬಾಯಿಗೆ ತಾರದ ಮಾತು

ಕೆರೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ದಂಡೆಯ ಹುಲ್ಲಿಗೆ ಕಾಲಿಟ್ಟರೆ ಚಪ್ಪಲಿಯೆಲ್ಲ ಒದ್ದೆ. ಗೇಟಿನ ಕಡೆಯಿಂದ ಉದ್ದನೆಯ ಕ್ಯಾರವಾನ್ ಒಂದು, ಹೊಟ್ಟೆಯೊಳಗೆ ನಿದ್ದೆಗಣ್ಣಿನ ಸಂಸಾರವನ್ನು ತುಂಬಿಕೊಂಡು, ತುಂಬಿದ ಬಸುರಿಯ ಹಾಗೆ ಮೆಲ್ಲಗೆ ಓಲಾಡುತ್ತ ಬರುತ್ತಿದೆ. ಹಾಸಿಗೆ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಬಚ್ಚಲು ಎಲ್ಲವೂ ಒಳಗೇ ಇರುವ, ಚಕ್ರದ ಮೇಲಿನ ಮನೆ ಅದು. ನಗರದ ರಸ್ತೆಗಳು ಕಣ್ಣು ಬಿಡುವ ಮುಂಚೆ ಹೊರಟರೆ ಬೆಳಕು ಹರಿಯುವ ಹೊತ್ತಿಗೆ ಕೆರೆ ಸೇರಬಹುದೆಂದು ಲೆಕ್ಕ ಹಾಕಿ ಬಂದವರು. ಬಂದದ್ದೇನೋ ಆಯಿತು. ಈಗ ಆ ಮನೆಯನ್ನು ಎರಡು ಮರಗಳ ನಡುವೆ, ಮೇಜಿನ ಖಾನೆಯನ್ನು ಒಳಗೆ ತಳ್ಳಿದ ಹಾಗೆ, ಹಿಂದುಹಿಂದಕ್ಕೆ ಸರಿಸಿ ನಿಲ್ಲಿಸಬೇಕು. ಮರಗಳ ಆಚೆ ಒಂದಿಷ್ಟು ಹುಲ್ಲು. ಅದರಾಚೆ ನೀರೇ.

ಗಾಡಿ ಓಡಿಸುತ್ತಿರುವಾತ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಾನೆ.

“ಅಲ್ಲಿಗಾ?”

“ಅಲ್ಲಿಗೇ ಅಣ್ಣಾ. ನಿಮಗೆ ಅಂತಲೇ ಗುಡಿಸಿ ಇಟ್ಟಿದ್ದೀನಿ. ನೀವು ಹೆದರಬೇಡಿ, ಕನ್ನಡಿಯಲ್ಲಿ ನನ್ನನ್ನ ನೋಡ್ತಾ ಇರಿ. ನಾನು ಕಾಣ್ಲಿಲ್ಲ ಅಂದ್ರೆ ಅಲ್ಲೇ ನಿಂತ್ಬಿಡಿ. ಕಂಡ್ರೆ ಬನ್ನಿ. ಅಷ್ಟೇ ಪಾಠ.”

ಹೇಳಿದವಳು ಮಾಸಿದ ನೀಲಿ ಕೋಟು, ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಗಿಡ್ಡನೆಯ ಹೆಂಗಸು. ವಯಸ್ಸು ಐವತ್ತರ ಆಸುಪಾಸು. ಬಲಗೈಯಲ್ಲಿ ಕೆಂಪು ಬಟ್ಟೆಯ ತುಂಡು. ಎಡಗೈ ಮೊಣಕೈಯ ಬಳಿ ಮಡಚಿಕೊಂಡೇ ಇರುತ್ತದೆ. ಅದು ಪೂರ್ತಿ ನೀಳವಾಗಿ ವರ್ಷಗಳೇ ಆದವು. ಗಾಡಿಯ ಹಿಂಬದಿಗೆ, ತುಸು ಪಕ್ಕಕ್ಕೆ, ತನ್ನದೇ ಒಂದು ಜಾಗ ಹುಡುಕಿ ನಿಂತು ಆಕೆ ಬಾಯಿ ತೆರೆಯುತ್ತಾಳೆ.

“ಬರ್ಲೀ… ಬರ್ಲೀ… ಬರ್ಲೀ…”

ಮೊದಲು ಉದ್ದನೆಯ, ಉಯ್ಯಾಲೆ ತೂಗಿದಂಥ ಬರ್ಲಿ. ಅಂದರೆ ದಾರಿ ಸಲೀಸಾಗಿದೆ, ಧೈರ್ಯವಾಗಿ ಬನ್ನಿ ಎಂದು. ಮರ ಹತ್ತಿರವಾಗುತ್ತಿದ್ದ ಹಾಗೆ ಬರ್ಲಿ ಗಿಡ್ಡವಾಗುತ್ತದೆ. “ಬರ್ಲಿ. ಬರ್ಲಿ. ಬರ್ಲಿ.” ಕೊನೆಗೆ ಗೇಣುದ್ದದ ಜಾಗ ಉಳಿದಾಗ ಬೀಜ ಉದುರಿಸಿದಂತೆ, “ಬರ್ ಬರ್ ಬರ್ ಬರ್ ಸಾಕ್!”

ಗಾಡಿ ನಿಲ್ಲುತ್ತದೆ. ಎರಡೂ ಮರಗಳ ತೊಗಟೆ ಇದ್ದ ಹಾಗೇ ಇದೆ. ಒಳಗಿನಿಂದ ಮಕ್ಕಳು ಚಪ್ಪಾಳೆ ತಟ್ಟುತ್ತವೆ. ಆಕೆ ಕೋಟಿನ ಜೇಬಿನಿಂದ ಒಂದು ಗಾಜಿನ ಗೋಲಿ ತೆಗೆದು, ಕ್ಯಾರವಾನಿನ ನೆಲದ ಮೇಲಿಟ್ಟು ಕೈ ಬಿಡುತ್ತಾಳೆ. ಗೋಲಿ ಅಡುಗೆ ಕಟ್ಟೆಯ ಕಡೆಗೆ ಉರುಳುತ್ತದೆ. ಆ ಕಡೆಯ ಚಕ್ರದ ಕೆಳಗೆ ಮರದ ಹಲಗೆ ತುರುಕಿ, ಗಾಡಿಯನ್ನು ಒಂದಿಷ್ಟು ಹತ್ತಿಸಿ, ಮತ್ತೆ ಗೋಲಿ ಇಡುತ್ತಾಳೆ. ಈ ಸಲ ಅದು ಇಟ್ಟಲ್ಲೇ ಕೂರುತ್ತದೆ.

“ಇನ್ನು ಮಲಗಿದ್ರೆ ತಲೆ ತಲೆಯ ಜಾಗದಲ್ಲಿರುತ್ತೆ, ಕಾಲು ಕಾಲಿನ ಜಾಗದಲ್ಲಿರುತ್ತೆ. ಇಲ್ದಿದ್ರೆ ಬೆಳಿಗ್ಗೆ ಎಲ್ಲರೂ ಒಂದೇ ಮೂಲೇಲಿ ಗುಡ್ಡೆ ಆಗಿರ್ತೀರಿ,” ಎಂದು ಹೇಳಿ ಗೋಲಿಯನ್ನು ಮತ್ತೆ ಜೇಬಿಗಿಳಿಸುತ್ತಾಳೆ.

ಕೆರೆದಂಡೆಯ ಈ ಶಿಬಿರಕ್ಕೆ ಬಂದುಹೋದ ಜನಕ್ಕೆಲ್ಲ ಆಕೆ ‘ಬರ್ಲಕ್ಕ’. ಹೆತ್ತವರು ಇಟ್ಟ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತು. ಹಾಗೆ ಕರೆದರೆ ಆಕೆಯೇ ಒಂದು ಗಳಿಗೆ ತಡೆದು ತಿರುಗುತ್ತಾಳಂತೆ. “ಯಾರನ್ನೋ ಕರೀತಾ ಇದ್ದಾರೆ ಅನ್ಸುತ್ತೆ,” ಎಂದು ನಗುತ್ತಾಳೆ.

ಕ್ಯಾರವಾನ್ ಹತ್ತಿ ಊರ ಹೊರಗೆ ಹೋಗುವ ಹವ್ಯಾಸ ಹತ್ತಿದವರು ಹೊರಡುವುದಕ್ಕೆ ಎಷ್ಟೋ ದಿನ ಮುಂಚಿನಿಂದ ತಯಾರಿ ನಡೆಸುತ್ತಾರೆ. ಫೋನ್ ಬರುವುದು ಗೇಟಿನ ಪಕ್ಕದ ಆಫೀಸಿಗೆ. ಅಲ್ಲಿ ಬುಕಿಂಗ್ ನೋಡಿಕೊಳ್ಳುವ ಹೆಂಗಸು ತಾರೀಖು, ತಲೆ ಎಣಿಕೆ ಎಲ್ಲ ಕೇಳಿ ಮುಗಿಸಿ, “ಒಂದ್ನಿಮಿಷ, ನಮ್ಮ ಅಕ್ಕನಿಗೆ ಕೊಡ್ತೀನಿ,” ಎಂದು ಕಿಟಕಿಯಿಂದ ಫೋನನ್ನು ಹೊರಗೆ ಚಾಚುತ್ತಾಳೆ. ಬರ್ಲಕ್ಕನ ಪ್ರಶ್ನೆಗಳೇ ಬೇರೆ. ಗಾಡಿ ಎಷ್ಟುದ್ದ, ಎಷ್ಟೆತ್ತರ ಎನ್ನುವುದು ಸರಿಯೇ. ಆಮೇಲೆ, ಬಿಸಿಲಿಗೆ ಮುಂಚೆ ಏಳುವವರು ಯಾರು? ಮೆಟ್ಟಿಲು ಹತ್ತಲಾರದ ಹಿರಿಯರಿದ್ದಾರಾ? ತೊಟ್ಟಿಲಲ್ಲಿ ಮಲಗುವ ಮಗುವಿದೆಯಾ, ನೀರು ಕಂಡರೆ ಓಡುವ ಮಗುವಿದೆಯಾ? ಗೊರಕೆ ಹೊಡೆಯುವವರು?

ಕೊನೆಯ ಪ್ರಶ್ನೆಗೆ ಆಚೆ ಸಾಮಾನ್ಯವಾಗಿ ಫೋನು ಕೈ ಬದಲಾಗುತ್ತದೆ. ಆಮೇಲೆ ಹೆಂಡತಿಯ ದನಿ, “ಇದ್ದಾರೆ. ಇಲ್ಲೇ ಪಕ್ಕದಲ್ಲೇ ಕೂತಿದ್ದಾರೆ.”

“ಹಾಗಾದ್ರೆ ನಿಮಗೆ ಆ ಕೊನೇ ಜಾಗ ಕೊಡ್ತೀನಮ್ಮ. ಅಲ್ಲಿ ಕಪ್ಪೆಗಳ ಗದ್ದಲ ಜಾಸ್ತಿ. ಅವರ ಗೊರಕೆ ಅವುಕ್ಕೆ, ಅವುಗಳ ವಟವಟ ಅವರಿಗೆ.”

ಗಾಡಿ ಹಿಂದಕ್ಕೆ ತರುವ ಹೊತ್ತಿನಲ್ಲಿ ಗಂಡಹೆಂಡಿರ ನಡುವೆ ಆಗುವ ಮಾತುಕತೆಯನ್ನು ಆಕೆ ನಟಿಸಿ ತೋರಿಸಿದರೆ ಆಫೀಸಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. “ಹೆಂಡ್ತಿ ಹಿಂದೆ ನಿಂತು ‘ಆ ಕಡೆ, ಆ ಕಡೆ’ ಅಂತಾಳೆ. ಗಂಡ ‘ಯಾವ ಕಡೆ?’ ಅಂತಾನೆ. ‘ಆ ಕಡೆ ಅಂದ್ರೆ ಆ ಕಡೆ ಕಣ್ರೀ!’ ಅಂತಾಳೆ. ಅವಳ ಆ ಕಡೆ ಅವನಿಗೆ ಈ ಕಡೆ ಅಲ್ವಾ? ರಜಕ್ಕೆ ಅಂತ ಬಂದೋರು ಮೊದಲ ಅರ್ಧ ಗಂಟೆ ಮುಖ ತಿರುಗಿಸ್ಕೊಂಡು ಕೂತಿರ್ತಾರೆ. ಅದಕ್ಕೇ ನಾನಿರೋದು. ಬೈಯೋದಿದ್ರೆ ಇಬ್ಬರೂ ಸೇರಿ ನನ್ನ ಬೈಲಿ.”

ಈಗಿನ ಗಾಡಿಗಳಿಗೆ ಹಿಂದುಗಡೆ ಕ್ಯಾಮರಾ ಇದೆಯಲ್ಲ ಎಂದರೆ, ಅದನ್ನೂ ಆಕೆ ತಳ್ಳಿಹಾಕುವುದಿಲ್ಲ. “ಒಳ್ಳೇದೇ. ಆದ್ರೆ ಅದು ಎಲ್ಲಕ್ಕೂ ಒಂದೇ ಥರ ಬಡ್ಕೊಳ್ಳುತ್ತೆ. ಹುಲ್ಲಿಗೂ ಕೀ ಕೀ, ಮಗುವಿಗೂ ಕೀ ಕೀ. ಓಡಿಸೋನಿಗೆ ಗಾಬರಿ. ನಾನು ಹುಲ್ಲಿಗೆ ಸುಮ್ನಿರ್ತೀನಿ.”

ಇಷ್ಟೆಲ್ಲ ಮಾತಾಡುವ ಬರ್ಲಕ್ಕ ಕನ್ನಡದ ಒಂದೇ ಒಂದು ಮಾತನ್ನು ಮಾತ್ರ ಬಾಯಿಗೆ ತರುವುದಿಲ್ಲ. ಅದು ಯಾವ ಬೈಗುಳವೂ ಅಲ್ಲ. ‘ಇರ್ಲಿ.’

ನಾವೆಲ್ಲ ದಿನ ಬೆಳಗಾದರೆ ಉಸಿರಾಡಿದಷ್ಟು ಸಲೀಸಾಗಿ ಆಡುವ ಮಾತು. ಯಾರಾದರೂ ಕಾಲು ತುಳಿದರೆ ಇರ್ಲಿ ಬಿಡಿ. ಚಿಲ್ಲರೆ ಇಲ್ಲವೆಂದರೆ ಇರ್ಲಿ. ಮಗ ಹೇಳಿದ ಮಾತು ಕೇಳದಿದ್ದರೆ, ಇರ್ಲಿ, ನೋಡ್ಕೋತೀನಿ. ಕ್ಷಮೆಗೂ ಅದೇ, ಬೆದರಿಕೆಗೂ ಅದೇ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಈ ಶಿಬಿರದಲ್ಲಿ ಮೊದಲು ಹೇಳಿಕೊಡುವುದು ಆ ಮಾತನ್ನು ಬಿಡುವುದನ್ನು. “ಗಾಡಿ ಹಿಂದೆ ನಿಂತ್ರೆ ಎರಡೇ ಮಾತು. ಬರ್ಲಿ, ಸಾಕು. ಮಧ್ಯೆ ಇನ್ನೊಂದು ಬಂದ್ರೆ ನಾಲಿಗೆ ಕಚ್ಕೊಳ್ಳಿ,” ಎಂದು ಬರ್ಲಕ್ಕ ಹೇಳುತ್ತಾಳೆ. ಇಲ್ಲಿನ ತೋಟದವನು, ಮೀಸೆ ನರೆತ ಮನುಷ್ಯ, ಒಂದು ಸಲ ಮರೆತು ‘ಇರ್ಲಿ ಇರ್ಲಿ’ ಎಂದಿದ್ದಕ್ಕೆ ಆಕೆ ವಾರವಿಡೀ ಅವನ ಜೊತೆ ಮಾತು ಬಿಟ್ಟಿದ್ದಳಂತೆ. ಮನೆಯಲ್ಲೂ ಅದೇ ಕಟ್ಟುಪಾಡು. ಮಗಳ ಕೈಜಾರಿ ತಟ್ಟೆ ಒಡೆದರೆ ‘ಹೋಗ್ಲಿ ಬಿಡು.’ ಇನ್ನೊಂದು ಲೋಟ ಚಹಾ ಬೇಕಾ ಎಂದರೆ ‘ಬೇಡ.’

ಅದರ ಹಿಂದಿನ ಕತೆ ಕೇಳಬೇಕಾದರೆ ಆಕೆಯ ಮದುವೆಯಾದ ಹೊಸತಕ್ಕೆ ಹೋಗಬೇಕು.

ಗಂಡ ಆಗ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಜೊತೆಗೆ ಹೋಗುತ್ತಿದ್ದ ಕ್ಲೀನರು ಕೆಲಸ ಬಿಟ್ಟಾಗ, ಮನೆಯಲ್ಲಿ ಸುಮ್ಮನೆ ಕೂರಲಾರದ ಹೊಸ ಹೆಂಡತಿ ತಾನೇ ಕ್ಯಾಬಿನ್ ಹತ್ತಿದಳು. “ಮದುವೆ ಆದೋರು ಎಲ್ಲೆಲ್ಲೋ ಸುತ್ತೋಕೆ ಹೋಗ್ತಾರಲ್ಲ, ನಾನು ನೀರು ಹೊತ್ಕೊಂಡು ನಗರ ಪೂರ್ತಿ ಸುತ್ತಿದೆ. ಕ್ಯಾಬಿನ್ನಿನಲ್ಲೇ ಊಟ, ಅಲ್ಲೇ ಒಂದು ಕೋಳಿನಿದ್ದೆ. ಈಗ ಯೋಚಿಸಿದ್ರೆ ಅದೂ ಒಂದು ಕ್ಯಾರವಾನೇ,” ಎನ್ನುತ್ತಾಳೆ.

ಒಂದು ಮಧ್ಯಾಹ್ನ, ಕಟ್ಟುತ್ತಿದ್ದ ಯಾವುದೋ ಮನೆಗೆ ನೀರು ಇಳಿಸಬೇಕಿತ್ತು. ಟ್ಯಾಂಕರ್ ಹಿಂದಕ್ಕೆ ಬರುತ್ತಿತ್ತು. ಹಿಂದೆ ಹೊಸ ಕಾಂಪೌಂಡ್ ಗೋಡೆ. ಗೋಡೆಗೂ ಟ್ಯಾಂಕರಿಗೂ ನಡುವೆ ಈಕೆ. ಗೋಡೆ ಹತ್ತಿರ ಬಂತು, ಗಾಡಿ ಅಲ್ಲೇ ಇರಲಿ ಎಂದು ಗಂಟಲು ಹರಿಯುವ ಹಾಗೆ ಕೂಗಿದಳು: “ಇರ್ಲಿ! ಇರ್ಲಿ!” ಎಂಜಿನ್ನಿನ ಆರ್ಭಟ ಮೊದಲಕ್ಷರವನ್ನು ನುಂಗಿ ನೀರು ಕುಡಿಯಿತು. ಗಂಡನ ಕಿವಿಗೆ ಬಿದ್ದದ್ದು, “ಬರ್ಲಿ! ಬರ್ಲಿ!” ಹೆಂಡತಿ ಇಷ್ಟು ಹುರುಪಿನಿಂದ ಕರೆಯುತ್ತಿದ್ದಾಳೆಂದು ಅವನೂ ಹುರುಪಿನಿಂದಲೇ ಬಂದ.

ಆಕೆ ಪಕ್ಕಕ್ಕೆ ಹಾರಿದಳು. ಎಡಗೈ ಒಂದು ಹಿಂದೆ ಉಳಿಯಿತು.

ಗೋಡೆ ಬಿತ್ತು. ಕೈ ಕೂಡಿತು, ಆದರೆ ಕೂಡಿದ್ದು ಮಡಚಿಕೊಂಡೇ. ಯಾರ ತಪ್ಪು ಎನ್ನುವ ಮಾತು ಈಗಲೂ ಆ ಮನೆಯಲ್ಲಿ ಎದ್ದೆದ್ದು ಕೂರುತ್ತದೆ. ನಾನು ‘ಇರ್ಲಿ’ ಅಂದೆ ಎಂದು ಆಕೆ. ನನಗೆ ‘ಬರ್ಲಿ’ ಅಂತ ಕೇಳಿಸ್ತು ಎಂದು ಆತ. ಅತ್ತೆಯ ತೀರ್ಪು ಮಾತ್ರ ಅಂದಿನಿಂದ ಇಂದಿನವರೆಗೆ ಒಂದೇ: “ಇಬ್ಬರೂ ಸತ್ಯವಂತರೇ. ಗೋಡೆನೇ ಸುಳ್ಳು ಹೇಳಿದ್ದು.”

ಕೈ ವಾಸಿಯಾದ ಮೇಲೆ ಆಕೆ ಎದ್ದು ಓಡಾಡಿದಳು. ಗಂಡನಿಗೆ ವಾಸಿಯಾಗಲಿಲ್ಲ. ಟ್ಯಾಂಕರ್ ಬಿಟ್ಟು ಶಾಲೆಯ ವ್ಯಾನು ಹಿಡಿದ. ವ್ಯಾನನ್ನು ಮುಂದಕ್ಕೆ ಓಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಮಡಿಲಲ್ಲಿಟ್ಟ ಹಾಲಿನ ಪಾತ್ರೆ ತುಳುಕುವುದಿಲ್ಲ. ಹಿಂದಕ್ಕೆ ಮಾತ್ರ ಹಾಕುವುದಿಲ್ಲ. ಶಾಲೆಯ ಗೇಟು ದಾಟಿಹೋದರೆ ಒಂದು ಹೆಜ್ಜೆ ಹಿಂದೆ ಬರುವ ಬದಲು ಇಡೀ ಬಡಾವಣೆಗೆ ಪ್ರದಕ್ಷಿಣೆ ಹಾಕಿ ಬರುತ್ತಾನೆ. ಮಕ್ಕಳಿಗೆ ಅದೊಂದು ಖುಷಿ. ಅವನಿಗೆ ಅವು ಇಟ್ಟ ಹೆಸರು ‘ಗಿರಗಿಟ್ಲೆ ಮಾಮ’. ಅವರ ಮನೆ ಇರುವುದು ಮುಂದೆ ದಾರಿಯಿಲ್ಲದ ಸಣ್ಣ ಬೀದಿಯ ಕೊನೆಯಲ್ಲಿ. ಒಳಗೆ ತಂದರೆ ಹಿಂದಕ್ಕೇ ಹೋಗಬೇಕು. ಹಾಗಾಗಿ ವ್ಯಾನು ಬೀದಿಯ ಬಾಯಲ್ಲೇ ನಿಲ್ಲುತ್ತದೆ. ಅಕ್ಕಿ ಮೂಟೆ ಬಂದರೂ ಗ್ಯಾಸ್ ಸಿಲಿಂಡರ್ ಬಂದರೂ ಅಲ್ಲಿಂದ ಹೆಗಲ ಮೇಲೆಯೇ ಬರಬೇಕು.

“ಗೋಡೆ ಬಿತ್ತಲ್ಲ ಅಂತ ಅಲ್ಲ,” ಎಂದು ಆತ ಒಂದೇ ಒಂದು ಸಲ ಬಾಯಿ ಬಿಟ್ಟು ಹೇಳಿದ. “ಹಿಂದೆ ಇವಳಿದ್ಲು.”

ಬರ್ಲಕ್ಕ ಕೆರೆದಂಡೆಗೆ ಬಂದದ್ದು ಸ್ನಾನದ ಮನೆಗಳನ್ನು ತೊಳೆಯುವ ಕೆಲಸಕ್ಕೆ. ಒಂದು ಬೆಳಿಗ್ಗೆ ಪೊರಕೆ ಹಿಡಿದು ನಿಂತಿದ್ದಾಗ ದೊಡ್ಡ ಗಾಡಿಯೊಂದು ಹಿಂದಕ್ಕೆ ಬರುತ್ತಿತ್ತು. ಹಿಂದೆ ನಿಂತ ಸ್ನೇಹಿತ ಒಂದು ಕೈಯಲ್ಲಿ ‘ಬಾ’ ಎನ್ನುತ್ತ ಇನ್ನೊಂದು ಕೈಯಲ್ಲಿ ಸೊಳ್ಳೆ ಓಡಿಸುತ್ತಿದ್ದ. ಓಡಿಸುವವನಿಗೆ ಯಾವ ಕೈ ನಂಬಬೇಕೆಂದು ತಿಳಿಯದೆ ಗಾಡಿ ಮರದ ಕಡೆಗೆ ವಾಲಿತು. ಈಕೆಗೆ ತಡೆಯಲಾಗಲಿಲ್ಲ. ಪೊರಕೆ ಎತ್ತಿ ಹಿಡಿದು “ಸಾಕ್!” ಎಂದು ಕೂಗಿದಳು. ಆ ಕೂಗಿಗೆ ಗಾಡಿ ನಿಂತಿತು, ಸ್ನೇಹಿತ ನಿಂತ, ಆಫೀಸಿನಿಂದ ಶಿಬಿರದ ಯಜಮಾನರೂ ಹೊರಗೆ ಬಂದು ನಿಂತರು. “ಇನ್ನೊಂದು ಸಲ ಅವರಿಗೆ ಹೇಳಮ್ಮ, ಹೇಗೆ ಬರಬೇಕು ಅಂತ,” ಎಂದರು. ಪೊರಕೆ ಹೋಗಿ ಕೆಂಪು ಬಟ್ಟೆ ಬಂದದ್ದು ಹೀಗೆ.

“ಕೈ ಮುರ್ಕೊಂಡೋಳು ಮತ್ತೆ ಅದೇ ಕೆಲಸಕ್ಕೆ ನಿಂತ್ಯಲ್ಲ ಅಂತ ಎಲ್ಲರೂ ಕೇಳಿದ್ರು. ನಿಲ್ದೆ? ಆವತ್ತು ಒಂದು ಮಾತು ಸರಿಯಾಗಿ ತಲುಪಲಿಲ್ಲ. ಅದಕ್ಕೇ ಇನ್ನೊಬ್ಬರ ಮನೇಲಿ ಹಾಗಾಗಬಾರದು ಅಂತ ನಿಂತಿದ್ದೀನಿ,” ಎನ್ನುತ್ತಾಳೆ. ಹೇಳುವಾಗ ದನಿ ಏರುವುದಿಲ್ಲ. ಆದರೆ ಕತ್ತು ಒಂದಿಷ್ಟು ನೆಟ್ಟಗಾಗುತ್ತದೆ.

ಇಷ್ಟು ಕಾಲ ಪರರ ಮನೆಗಳನ್ನು ನಿಲ್ಲಿಸಿದವಳಿಗೆ ತಾನೂ ಒಂದು ರಾತ್ರಿ ಅಂಥ ಮನೆಯಲ್ಲಿ ಮಲಗುವ ಸಂದರ್ಭ ಬಂದದ್ದು ಈ ಸಲ. ಶಿಬಿರದವರದೇ ಒಂದು ಹಳೆಯ ಕ್ಯಾರವಾನ್ ರಿಪೇರಿಗೆಂದು ನಗರದ ಗ್ಯಾರೇಜಿಗೆ ಹೋಗಿತ್ತು. “ಶನಿವಾರ ನಿಮ್ಮ ಯಜಮಾನರು ಓಡಿಸ್ಕೊಂಡು ಬರ್ಲಿ. ಮನೆಯವರೆಲ್ಲ ಸೇರಿ ಒಂದು ರಾತ್ರಿ ಇದ್ದು ನೋಡಿ. ಎಲ್ಲಿ ಸೋರುತ್ತೆ, ಎಲ್ಲಿ ಕಿರುಗುಟ್ಟುತ್ತೆ ಹೇಳಿ,” ಎಂದರು ಮಾಲೀಕರು. ಎಲ್ಲಿ ನಿಲ್ಲಿಸಬೇಕೆನ್ನುವುದನ್ನು ಆಕೆಗೇ ಬಿಟ್ಟರು.

ಆ ಸಂಜೆ ಅಡುಗೆಮನೆಯಲ್ಲಿ ಸಭೆ ಸೇರಿತು. ಆ ಅಡುಗೆಮನೆಯೂ ಕ್ಯಾರವಾನಿನಷ್ಟೇ. ಕೂತಲ್ಲಿಂದಲೇ ಒಲೆಗೂ ಕೈ ಎಟಕುತ್ತದೆ, ಕಿಟಕಿಗೂ ಎಟಕುತ್ತದೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಹೊದಿಕೆ ಎಷ್ಟು, ಟಾರ್ಚು ಯಾವುದು, ಅಜ್ಜಿಯ ಮಾತ್ರೆ ಯಾವ ಚೀಲದಲ್ಲಿ ಎಂದು ಒಂದೇ ಉಸಿರಿಗೆ ಶುರುಮಾಡಿದಳು.

“ಅಪ್ಪ, ಓಡಿಸೋದು ನೀನೇ.”

“ಓಡಿಸ್ತೀನಿ, ಅದಕ್ಕೇನು? ಕೆರೆ ತನಕ ಹೂವಿನ ಹಾಗೆ ತಗೊಂಡು ಹೋಗ್ತೀನಿ.”

“ನಿಲ್ಲಿಸೋದು?”

“ಗೇಟಿನ ಪಕ್ಕ ಬಯಲಿದೆಯಲ್ಲ. ಮುಂದಿನಿಂದ ಹೋಗಿ ಮುಂದಿನಿಂದಲೇ ಬಂದ್ರಾಯ್ತು.”

ಮೂಲೆಯ ಸ್ಟೂಲಿನಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು. “ಗೇಟು ನೋಡ್ಕೊಂಡು ಮಲಗೋಕೆ ನಮ್ಮ ಬೀದಿ ಸಾಲದೇನೋ? ನನಗೆ ಕಿಟಕಿ ತೆಗೆದ್ರೆ ನೀರು ಕಾಣ್ಬೇಕು.”

“ನೀರು ಎಲ್ಲಿಂದಾದ್ರೂ ಕಾಣುತ್ತಮ್ಮ. ಎದ್ದು ನಾಲ್ಕು ಹೆಜ್ಜೆ ನಡೆದ್ರೆ…”

“ನಡೆಯೋಕೆ ಆಗಿದ್ರೆ ನಿನ್ನನ್ಯಾಕೆ ಕೇಳ್ತಿದ್ದೆ? ನಾನು ಜೀವಮಾನ ಪೂರ್ತಿ ಕೊಡದಲ್ಲಿ ನೀರು ಹೊತ್ತೆ. ನೀನು ಟ್ಯಾಂಕರಲ್ಲಿ ಹೊತ್ತೆ. ಯಾರೂ ಹೊರಬೇಕಾಗಿಲ್ಲದ ನೀರನ್ನ ಒಂದ್ಸಲ ಮಲಗಿದ ಕಡೆಯಿಂದ ನೋಡ್ಬೇಕು ಕಣೋ. ಅಷ್ಟೇ.”

ಅಂಥ ಜಾಗ ಶಿಬಿರದಲ್ಲಿ ಒಂದೇ ಇದೆ. ದಂಡೆ ಕೆರೆಯೊಳಗೆ ಮೂಗಿನ ಹಾಗೆ ಚಾಚಿಕೊಂಡಿರುವ ತುದಿ. ಅದನ್ನು ‘ಮೂಗು’ ಎಂದೇ ಕರೆಯುತ್ತಾರೆ. ಮೂರು ಕಡೆ ನೀರು. ಹಾಸಿಗೆಯ ಕಿಟಕಿ ಇರುವುದು ಗಾಡಿಯ ಹಿಂಬದಿಗೆ. ಹಾಗಾಗಿ ಅಲ್ಲಿಗೆ ಹಿಂದಕ್ಕೇ ಹೋಗಬೇಕು. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತು. ಅತ್ತೆ ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದರು.

“ಹಿಂದೆ ಯಾರು ನಿಲ್ತಾರೆ?” ಎಂದ ಗಂಡ.

“ನಾನಲ್ದೆ ಇನ್ಯಾರು?”

“ಅದೇ ಬೇಡ ಅಂತಿರೋದು.”

ಮಗಳು ನಡುವೆ ಬಂದಳು. “ಅಮ್ಮ, ತೋಟದ ಮಾಮ ನಿಂತ್ಕೊಳ್ಳಲಿ. ನೀನು ಆವತ್ತು ಒಳಗೆ ಅಜ್ಜಿ ಜೊತೆ ಕೂತ್ಕೋ, ಗೆಸ್ಟ್ ಥರ.”

ಬರ್ಲಕ್ಕ ಒಲೆಯ ಉರಿ ಆರಿಸಿದಳು. ಆಮೇಲೆ ಹೇಳಿದಳು, “ಗುರುತಿಲ್ಲದೋರು, ಪರಿಚಯ ಇಲ್ಲದೋರು, ಮಕ್ಕಳುಮರಿ ತುಂಬ್ಕೊಂಡು ನನ್ನ ಮಾತು ನಂಬಿ ಹಿಂದೆ ಬರ್ತಾರೆ. ನಮ್ಮನೆ ಗಾಡಿಗೆ ತೋಟದೋನು ನಿಲ್ಬೇಕಾ? ಹಾಗಾದ್ರೆ ಬೇಡವೇ ಬೇಡ. ನಾವು ಮನೇಲೇ ಇರೋಣ.”

ಗಂಡ ತಟ್ಟೆ ತೊಳೆದಿಟ್ಟು ಎದ್ದು ಹೋದ. ತಯಾರಿಯೇನೋ ನಡೆಯಿತು. ಹೊದಿಕೆಗಳು ಮಡಚಿ ಚೀಲ ಸೇರಿದವು, ಟಾರ್ಚಿಗೆ ಸೆಲ್ ಬಿತ್ತು, ಅತ್ತೆಯ ಉಣ್ಣೆಯ ಟೋಪಿ ಪೆಟ್ಟಿಗೆಯ ತಳದಿಂದ ಮೇಲೆ ಬಂತು. ಕೊನೆಗೆ ಗಾಡಿ ಮೂಗಿಗೆ ಹೋಗುತ್ತದೋ ಗೇಟಿನ ಬಳಿಯೇ ಉಳಿಯುತ್ತದೋ ಎನ್ನುವುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಆ ಶನಿವಾರ ಇಳಿಹೊತ್ತು. ಹೊಸ ಬಣ್ಣದ ವಾಸನೆ ಹೊಡೆಯುವ ಹಳೆಯ ಕ್ಯಾರವಾನ್ ಗೇಟು ದಾಟಿ ಬರುತ್ತದೆ. ಗಂಡ ಮಾತಿಗೆ ತಪ್ಪಿಲ್ಲ; ದಾರಿಯುದ್ದಕ್ಕೂ ಹಿಂದಿನ ಹಾಸಿಗೆಯ ಮೇಲೆ ಕೂತ ಅತ್ತೆಯ ಕೈಯ ಲೋಟದಿಂದ ಒಂದು ಹನಿ ಚೆಲ್ಲಿಲ್ಲ. ಬಯಲಿನ ಬಳಿ ಗಾಡಿ ನಿಧಾನವಾಗುತ್ತದೆ. ಮಗಳು ಅಪ್ಪನ ಮುಖ ನೋಡುತ್ತಾಳೆ. ಬರ್ಲಕ್ಕ ಕಿಟಕಿಯಾಚೆ ನೋಡುತ್ತ ಕೂತಿದ್ದಾಳೆ. ಗಾಡಿ ಬಯಲನ್ನು ದಾಟುತ್ತದೆ. ಮೂಗಿನ ತಿರುವಿನಲ್ಲಿ, ಬೆನ್ನು ನೀರಿನ ಕಡೆಗೆ ಬರುವಂತೆ ತಿರುಗಿ ನಿಲ್ಲುತ್ತದೆ.

ಬರ್ಲಕ್ಕ, ಮಗಳು ಇಬ್ಬರೂ ಇಳಿಯುತ್ತಾರೆ. ಆತನೂ ಇಳಿದು ಹಿಂದಕ್ಕೆ ನಡೆದುಹೋಗುತ್ತಾನೆ. ನೆಲ ನೋಡುತ್ತಾನೆ, ಕಾಲಿನಿಂದ ತುಳಿದು ನೋಡುತ್ತಾನೆ. ಗಾಡಿಯ ದಾರಿಯಿಂದ ಸಾಕಷ್ಟು ದೂರ, ಪಕ್ಕದಲ್ಲಿ, ಒಂದು ಚಪ್ಪಟೆ ಕಲ್ಲು ತಂದಿಡುತ್ತಾನೆ.

“ಇಲ್ಲಿ ನಿಲ್ಲು. ಈ ಕಲ್ಲು ಬಿಟ್ಟು ಅಲ್ಲಾಡಬೇಡ. ಕನ್ನಡಿಯಲ್ಲಿ ನೀನು ನನಗೆ ಕಾಣ್ತಾ ಇರ್ಬೇಕು.”

“ಅದು ನನ್ನ ಡೈಲಾಗು ಕಣ್ರೀ,” ಎನ್ನುತ್ತಾಳೆ ಬರ್ಲಕ್ಕ. ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸುವವಳು ಮಾತು ಕೇಳಿ ಕಲ್ಲಿನ ಮೇಲೆ ನಿಲ್ಲುತ್ತಾಳೆ. ಕೆಂಪು ಬಟ್ಟೆ ಬಲಗೈಗೆ ಬರುತ್ತದೆ. ಆಫೀಸಿನ ಬಾಗಿಲಲ್ಲಿ ಬುಕಿಂಗಿನವಳು, ಗಿಡಗಳ ನಡುವೆ ತೋಟದವನು, ನೋಡಿಯೂ ನೋಡದ ಹಾಗೆ ನಿಂತಿದ್ದಾರೆ.

“ಬರ್ಲೀ…”

ಗಾಡಿ ಕದಲುವುದಿಲ್ಲ. ಎಂಜಿನ್ ಗುರುಗುಟ್ಟುತ್ತಿದೆ. ಕನ್ನಡಿಯಲ್ಲಿ ಅವನ ಕಣ್ಣು ಕಾಣುತ್ತದೆ. ಆಕೆ ಅವಸರಪಡಿಸುವುದಿಲ್ಲ. ಎಳೆಮಗುವನ್ನು ಕರೆಯುವ ಹಾಗೆ ಇನ್ನೊಮ್ಮೆ ಕರೆಯುತ್ತಾಳೆ.

“ಬರ್ಲೀ… ನಾನಿಲ್ಲೇ ಇದ್ದೀನಿ, ಬರ್ಲೀ…”

ಚಕ್ರ ತಿರುಗುತ್ತದೆ. ಒಂದು ಅಂಗೈಯಷ್ಟು, ಆಮೇಲೆ ಒಂದು ಮೊಳದಷ್ಟು. ಉದ್ದನೆಯ ಬರ್ಲಿ ಗಿಡ್ಡವಾಗುತ್ತದೆ, ಗಿಡ್ಡನೆಯದು ಬೀಜದಂತೆ ಉದುರುತ್ತದೆ. “ಬರ್ ಬರ್ ಬರ್ ಸಾಕ್!” ಗಾಡಿ ಅಲ್ಲಿಗೇ ನಿಲ್ಲುತ್ತದೆ. ಮಗಳು ಉಸಿರು ಬಿಡುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ:

“ಲೋ, ಇಲ್ಲಿಂದ ಅರ್ಧ ಹುಲ್ಲು, ಅರ್ಧ ನೀರು ಕಾಣುತ್ತೆ! ಹುಲ್ಲು ನೋಡೋಕೆ ನಾನೇನು ಹಸುವೇನೋ?”

ತೋಟದವನು ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಆಗ ಚಾಲಕನ ಕಿಟಕಿಯಿಂದ ಒಂದು ತಲೆ ಹೊರಗೆ ಬರುತ್ತದೆ. ವರ್ಷಗಟ್ಟಲೆ ರಿವರ್ಸ್ ಗೇರು ಮುಟ್ಟದ ಮನುಷ್ಯ ತಾನಾಗಿಯೇ ಕೇಳುತ್ತಾನೆ, “ಇನ್ನೊಂಚೂರು ಬರ್ಲಾ?”

ಬರ್ಲಕ್ಕ ಕಲ್ಲಿನ ಮೇಲಿಂದಲೇ ಬಗ್ಗಿ ನೋಡುತ್ತಾಳೆ. ಜಾಗವಿದೆ, ಹೆಚ್ಚೇನಿಲ್ಲ. “ಬರ್ಲಿ. ಬರ್ಲಿ.” ಗಾಡಿ ಸರಿಯುತ್ತದೆ. ಒಳಗಿನಿಂದ “ಹಾಂ! ಈಗ ಬರೀ ನೀರು!” ಎಂಬ ಕೂಗು.

ಅವನಿಗೆ ಹುಮ್ಮಸ್ಸು ಬಂದುಬಿಟ್ಟಿದೆ. “ಇನ್ನೂ ಬರ್ಲಾ?”

ಸಾಕು ಎನ್ನಬೇಕಿತ್ತು. ಎಷ್ಟೋ ಸಾವಿರ ಗಾಡಿಗಳಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡಿರುವ ಮಾತು ಅದು. ಆದರೆ ಸಂತೋಷಕ್ಕೆ ಕಾವಲು ತಪ್ಪಿತೋ ಏನೋ, ಆಕೆಯ ಬಾಯಿಂದ ಬಂದದ್ದು ಬೇರೆಯೇ.

“ಇರ್ಲಿ.”

ಮಗಳು ಸರಕ್ಕನೆ ತಾಯಿಯ ಕಡೆ ತಿರುಗುತ್ತಾಳೆ. ಎಂಜಿನ್ ಇನ್ನೂ ಓಡುತ್ತಿದೆ. ಬರ್ಲಕ್ಕನ ಮಡಚಿದ ಎಡಗೈ ಎದೆಗೆ ಅಂಟಿಕೊಂಡಿದೆ. ಚಕ್ರದ ಕೆಳಗಿನ ಹುಲ್ಲು ಕದಲುವುದಿಲ್ಲ. ಬ್ರೇಕ್ ಹಾಕಿದ ಸದ್ದು ಕೇಳಿಸುತ್ತದೆ. ಆಮೇಲೆ ಎಂಜಿನ್ ನಿಲ್ಲುತ್ತದೆ, ಕೆರೆಯ ಅಲೆ ದಂಡೆಗೆ ತಾಗುವುದೂ ಕೇಳಿಸುತ್ತದೆ.

ಗಂಡ ಇಳಿದು, ಹಿಂದೆ ಬಂದು, ಕಲ್ಲಿನ ಎದುರಿಗೆ ನಿಲ್ಲುತ್ತಾನೆ.

“ಏನಂದೆ?”

“ಇರ್ಲಿ ಅಂದೆ.”

“ಹಾಗೇ ಕೇಳಿಸ್ತು,” ಎನ್ನುತ್ತಾನೆ. ಅಷ್ಟೇ ಹೇಳಿ, ಚಕ್ರದ ಕೆಳಗಿಡುವ ಹಲಗೆ ತರಲು ಹೋಗುತ್ತಾನೆ. ಆಕೆ ಗೋಲಿ ತೆಗೆದು ಅತ್ತೆಯ ಕೈಗೆ ಕೊಡುತ್ತಾಳೆ. ಅತ್ತೆ ಅದನ್ನು ನೆಲಕ್ಕಿಟ್ಟು, ಎಲ್ಲಿಗೂ ಹೊರಡದ ಗೋಲಿಯನ್ನು ನೋಡಿ, “ಇದಕ್ಕೂ ಬುದ್ಧಿ ಬಂತು,” ಎನ್ನುತ್ತಾರೆ.

ಎಲ್ಲ ಒಂದೇ ದಿನದಲ್ಲಿ ಸರಿಹೋಯಿತೆಂದೇನೂ ಅಲ್ಲ. ಶಾಲೆಯ ವ್ಯಾನು ಇನ್ನೂ ಬೀದಿಯ ಬಾಯಲ್ಲೇ ನಿಲ್ಲುತ್ತದೆ. ಗಿರಗಿಟ್ಲೆ ಮಾಮ ಇನ್ನೂ ಬಡಾವಣೆ ಸುತ್ತುತ್ತಾನೆ. “ಸುತ್ತಲಿ ಬಿಡಿ, ಇಲ್ದಿದ್ರೆ ಮಕ್ಕಳಿಗೆ ಬೇಜಾರಾಗುತ್ತೆ,” ಎನ್ನುತ್ತಾಳೆ ಬರ್ಲಕ್ಕ. ಹಳೆಯ ಕ್ಯಾರವಾನಿನ ವರದಿಯನ್ನೂ ಆಕೆ ಮಾಲೀಕರಿಗೆ ಒಪ್ಪಿಸಿದ್ದಾಳೆ: ಸಿಂಕಿನ ನಲ್ಲಿ ತೊಟ್ಟಿಕ್ಕುತ್ತದೆ, ಬಚ್ಚಲ ಬಾಗಿಲು ಕಿರುಗುಟ್ಟುತ್ತದೆ, ಕಿಟಕಿಗೆ ಮಾತ್ರ ಏನೂ ಮಾಡಬೇಡಿ. ಅತ್ತೆ ಬೆಳಗಾಗುವವರೆಗೆ ಅದರ ಪರದೆ ಎಳೆಯಲು ಬಿಟ್ಟಿಲ್ಲ.

ಕ್ಯಾರವಾನಿನ ನಿದ್ದೆ ಹೇಗಿತ್ತು ಎಂದು ಕೇಳಿದರೆ ಆಕೆ ಬೂಟಿನ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತ ಹೇಳುತ್ತಾಳೆ, “ನಿದ್ದೆ ಯಾರು ಮಾಡಿದ್ರು? ಊರೋರ ಗಾಡಿಗಳನ್ನೆಲ್ಲ ನಿಲ್ಲಿಸಿದ್ದೆ. ನಮ್ಮದೊಂದು ಬಾಕಿ ಇತ್ತು.”

ಅಷ್ಟರಲ್ಲಿ ಗೇಟಿನ ಕಡೆಯಿಂದ ಹಾರ್ನ್ ಕೇಳಿಸುತ್ತದೆ. ಇನ್ನೊಂದು ಮನೆ ಬಂದಿದೆ. ಕೆಂಪು ಬಟ್ಟೆ ಎತ್ತಿಕೊಂಡು ಹೊರಟವಳನ್ನು ತೋಟದವನು ಹಿಂದಿನಿಂದ ಕೂಗಿ ಕೇಳುತ್ತಾನೆ, “ಅಕ್ಕಾ, ಹಾಗಾದ್ರೆ ಇನ್ಮೇಲೆ ನಾವೂ ಇರ್ಲಿ ಅನ್ನಬಹುದಾ?”

ಬರ್ಲಕ್ಕ ತಿರುಗಿ ನೋಡದೆಯೇ ಉತ್ತರಿಸುತ್ತಾಳೆ.

“ಅನ್ನಬಾರದು. ಅದು ನಮ್ಮನೆ ಗಾಡಿಗೆ ಮಾತ್ರ.”